ನೀರಿನ ಪಾಳಿಗೆ ಬಂದ ಹೊರಸುಗಳು

ಅವ್ವನಿಗೆ ಲಕ್ವಾ ಹೊಡೆದದ್ದು ನಮ್ಮ ಕಡೆ ಮಳೆ ಮೊದಲ ಸಲ ಕೈಕೊಟ್ಟ ವರ್ಷ. ಬೆಳಿಗ್ಗೆ ಒಲೆಯ ಮುಂದೆ ಜೋಳದ ಹಿಟ್ಟು ನಾದುತ್ತಾ ಕೂತವಳು, ಯಾರೋ ಕರೆದಂತೆ ಬಲಕ್ಕೆ ತಿರುಗಿ ಹಾಗೆಯೇ ವಾಲಿಬಿಟ್ಟಳು. ಮರಾಠಿ ಸೀಮೆಯೊಳಗಿನ ನಮ್ಮೂರು ಕಾಸಾರಶಿರಸಿಯಿಂದ ಜೀಪು ಮಾಡಿಕೊಂಡು ನಿಲಂಗಾಕ್ಕೆ ಹೋದೆವು. ಅಲ್ಲಿಯವರು ನೋಡಿ ದೊಡ್ಡ ದವಾಖಾನೆಗೆ ಒಯ್ಯಿರಿ ಅಂದರು. ಉದಗೀರದಲ್ಲಿ ಸೋದರಮಾವನ ಮನೆ ಇದ್ದುದರಿಂದ ಅಲ್ಲಿಗೇ ಒಯ್ದೆವು. ಹದಿನೈದು ದಿನದಲ್ಲಿ ಅವ್ವ ಎಲ್ಲರನ್ನೂ ಗುರುತು ಹಿಡಿಯತೊಡಗಿದಳು. ಬಲಗೈ, ಬಲಗಾಲು ಮಾತ್ರ ಅವಳ ಮಾತು ಕೇಳಲಿಲ್ಲ.

ಮನೆಗೆ ಬಿಡುವ ಎರಡು ದಿನ ಮೊದಲು ಅಲ್ಲಿಯ ನರ್ಸಬಾಯಿ ಬಂದು, “ಮನ್ಯಾಗ ಇವರನ್ನ ಯಾರು ನೋಡ್ಕೋತೀರಿ?” ಎಂದು ಕೇಳಿದರು. ಮಂಚದ ಸುತ್ತ ಸೋದರಮಾವ, ಅತ್ತೆ, ನನ್ನ ತಂಗಿ, ನಾನು, ನನ್ನ ಹೆಂಡತಿ ಇದ್ದೆವು. ಯಾರೂ ಹೇಳಿಕೊಡದೆಯೇ ನಾವು ನಾಲ್ಕೂ ಜನ ಒಟ್ಟಿಗೆ ನನ್ನ ಹೆಂಡತಿಯ ಕಡೆ ಕುತ್ತಿಗೆ ತಿರುಗಿಸಿದೆವು.

ಅವಳು ಟವೆಲ್ಲು ಮಡಚುತ್ತಿದ್ದಳು. ಮಡಚುವುದನ್ನು ನಿಲ್ಲಿಸದೆ, “ನನಗ ಅಂಗನವಾಡಿ ಅದರೀ. ಮುಂಜಾನೆ ಕೂಸುಗಳು ಬಾಗಲ್ದಾಗ ಬಂದು ಕುಂತಿರ್ತಾವ. ಜಳಕಾ ನಾ ಮಾಡಸ್ತೀನಿ, ಉಳದದ್ದೆಲ್ಲಾ ಇವರು ನೋಡ್ತಾರ,” ಎಂದು ಗದ್ದದಿಂದ ನನ್ನ ಕಡೆ ತೋರಿಸಿದಳು.

“ಗಂಡಸು ಮನಷಾ ಹ್ಯಾಂಗ ಮಾಡ್ತಾನ?” ಅಂದ ಸೋದರಮಾವ.

ನರ್ಸಬಾಯಿ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದರು. “ಕೈ ಎರಡೂ ಅದಾವಲ್ಲ?” ಎಂದು ಕೇಳಿ, ಅಲ್ಲಿಯೇ ಪಾಠ ಶುರು ಮಾಡಿದರು. ಎರಡು ತಾಸಿಗೊಮ್ಮೆ ಮಗ್ಗಲು ಬದಲಿಸುವುದು, ಮನುಷ್ಯರನ್ನು ಎತ್ತದೆಯೇ ಕೆಳಗಿನ ಚಾದರ ಬದಲಿಸುವುದು, ಎಡದವಡೆಗೆ ತುತ್ತು ಇಡುವುದು, ಎತ್ತುವಾಗ ಬೆನ್ನು ಬಗ್ಗಿಸದೆ ಮೊಣಕಾಲು ಬಗ್ಗಿಸುವುದು. ನಾನು ದೊಡ್ಡಪ್ಪನ ಮಗನ ಬಟ್ಟೆ ಅಂಗಡಿಯಲ್ಲಿ ಹನ್ನೆರಡು ವರ್ಷ ಗಜ ಹಿಡಿದು ಅರಿವೆ ಅಳೆದವನು. ಚಾದರ ಬದಲಿಸುವ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ಪಾಸಾದೆ. ಉಳಿದವುಗಳಲ್ಲಿ ಆಗಲಿಲ್ಲ.

ಹೀಗೆ ನಾನು ಅಂಗಡಿ ಬಿಟ್ಟು ಮನೆಗೆ ಬಂದೆ. ಹೆಂಡತಿಯ ಕೆಲಸ ಬಿಟ್ಟರೆ ಮತ್ತೆ ಸಿಗುವಂಥದ್ದಲ್ಲ. ಅಂಗಡಿಯ ಗಜ ಎಲ್ಲಿಯೂ ಓಡಿಹೋಗುವುದಿಲ್ಲ. ಅವಳು ಇದನ್ನೆಲ್ಲ ಉದಗೀರದ ದವಾಖಾನೆಯ ಕಟ್ಟೆಯ ಮೇಲೆ ಕೂತು ಯೋಚಿಸಿಟ್ಟಿದ್ದಳು. ನಾನು ಏನನ್ನೂ ಯೋಚಿಸಿರಲಿಲ್ಲ, ಅದಕ್ಕೇ ಒಪ್ಪಿಕೊಂಡೆ. ಪೇಟೆಯವರು ಕೆಲವು ದಿನ, “ಏನ್ರೀ ಸಾವಕಾರ, ಸೂಟಿ ಮ್ಯಾಗ ಅದೀರಿ?” ಎಂದು ಕೇಳುತ್ತಿದ್ದರು. ಬೆಳಿಗ್ಗೆಯಿಂದ ಕೂತಿದ್ದೇ ಇಲ್ಲ ಎಂದು ಹೇಳಿದರೆ ಇನ್ನೂ ನಗುತ್ತಿದ್ದರು.

ಎರಡು ತಿಂಗಳಿಗೆ ಅವ್ವನ ಮಾತು ತಿರುಗಿ ಬಂತು. ಬಂದ ಮೇಲೆ ಮನೆಯಲ್ಲಿ ಮೌನ ಎಂಬುದು ಉಳಿಯಲಿಲ್ಲ. ಗಂಜಿ ತೆಳ್ಳಗಾಯಿತು, ದಿಂಬು ಎತ್ತರವಾಯಿತು, ವಿಭೂತಿ ಓರೆಯಾಯಿತು. ಅವಳಿಗೆ ಎಲ್ಲಕ್ಕಿಂತ ದೊಡ್ಡ ದುಃಖ ತಲೆ ಬಾಚುವುದರದ್ದು. ಅರವತ್ತೆಂಟರ ವಯಸ್ಸಿನಲ್ಲೂ ಅವಳ ಕೂದಲು ಸೊಂಟದ ತನಕ ಇತ್ತು. ನಾನು ಅದನ್ನು ಒಂದು ಗಂಟು ಹಾಕಿ ಬಿಡುತ್ತಿದ್ದೆ.

“ಕುದರಿ ಬಾಲಾ ಕಟ್ಟಿದಂಗ ಕಟ್ಟಬ್ಯಾಡೋ. ಜಗ್ಗಬ್ಯಾಡ! ನಿಮ್ಮ ಅಂಗಡ್ಯಾಗಿನ ಅರಿವಿ ಅಲ್ಲ ಇದು.”

ಹೆಣೆಯುವುದನ್ನು ನನಗೆ ಕಲಿಸಿದವಳು ಹಿಂದಿನ ಓಣಿಯ ಅಕ್ಕ. ಅವರದು ಕುರಿ ಸಾಕುವ ಮನೆ, ಬೀರಪ್ಪನ ಒಕ್ಕಲು. ಮೇವು ಇಲ್ಲದ ದಿನಗಳಲ್ಲಿ ಕುರಿಗಳಿಗೆ ತಪ್ಪಲು ಕಡಿಯಲು ಬೇವಿನ ಮರ ಹತ್ತಿದ ಅವಳ ಗಂಡ ಮೇಲಿನಿಂದ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡು ಮಲಗಿದ್ದ. ಕುರಿಗಳನ್ನು ಮೈದುನ ನೀರಿದ್ದ ಕಡೆ ಹೊಡೆದುಕೊಂಡು ಹೋಗಿದ್ದ. ಗಂಡನ ಬೆನ್ನಿಗೆ ಹುಣ್ಣಾಗಿದೆ, ನೀವು ಅವ್ವಗ ಏನು ಮಾಡ್ತೀರಿ ಎಂದು ಕೇಳಲು ಅಕ್ಕ ಒಂದು ದಿನ ನಮ್ಮ ಬಾಗಿಲಿಗೆ ಬಂದಳು. ನಾನು ಮಗ್ಗಲು ಬದಲಿಸುವುದನ್ನು ತೋರಿಸಿದೆ. ಅವಳು ನೋಡಿ, ಅವ್ವನ ತಲೆಯ ಗಂಟಿನ ಮೇಲೆ ಕಣ್ಣು ನಿಲ್ಲಿಸಿ, “ಇದೇನ್ರಿ ಇದು?” ಎಂದಳು. ಆಮೇಲೆ ತಾನೇ ಕೂತು, “ಮೂರು ಎಳಿ ಮಾಡ್ರಿ. ಹಗ್ಗಾ ಹೊಸದಂಗ. ನಡುವಿಂದು ಬಿಡಬ್ಯಾಡ್ರಿ,” ಎಂದು ನನ್ನ ಕೈಯಿಂದಲೇ ಮಾಡಿಸಿದಳು. ಆ ದಿನದ ಹೆರಳನ್ನು ಅವ್ವ ಎಡಗೈಯಿಂದ ಎರಡು ಸಲ ಸವರಿ ನೋಡಿಕೊಂಡಳು. ಬೈಯಲಿಲ್ಲ.

ಮಳೆ ಮೂರನೇ ಸಲವೂ ಬರಲಿಲ್ಲ. ಬಾವಿಗಳು ಮೊದಲೇ ಹೋಗಿದ್ದವು, ಬೋರುಗಳು ಗಾಳಿ ಉಗುಳತೊಡಗಿದವು. ಊರಿಗೆ ಟ್ಯಾಂಕರ್ ಬರಲಾರಂಭಿಸಿತು. ಚಾವಡಿಯ ಮುಂದಿನ ಬಯಲಿನಲ್ಲಿ ಅದು ನಿಲ್ಲುತ್ತಿತ್ತು. ಬರುವ ಹೊತ್ತು ಮಾತ್ರ ಯಾರಿಗೂ ಗೊತ್ತಿರಲಿಲ್ಲ. ಮೊದಲು ಜನ ಕೊಡಗಳನ್ನು ಸಾಲಾಗಿ ಇಟ್ಟು ಮನೆಗೆ ಹೋಗುತ್ತಿದ್ದರು. ಕೊಡಗಳು ತಾವೇ ಮುಂದೆ ಮುಂದೆ ನಡೆದು ಜಗಳಗಳಾದವು. ಆಮೇಲೆ ಪಂಚಾಯಿತಿಯವರು ನಿಯಮ ಮಾಡಿದರು: ಕೊಡದ ಪಕ್ಕ ಮನುಷ್ಯ ಇರಬೇಕು, ಇಲ್ಲದಿದ್ದರೆ ಪಾಳಿ ಇಲ್ಲ. ನಿಯಮದಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಬೆಳಿಗ್ಗೆ ಹೆಂಡತಿ ಅಂಗನವಾಡಿಯಲ್ಲಿ. ನಾನು ಪಾಳಿಯಲ್ಲಿ ನಿಂತರೆ ಅವ್ವನ ಹತ್ತಿರ ಯಾರು? ನಾನು ಮನೆಯಲ್ಲಿದ್ದರೆ ನೀರು ತರುವವರು ಯಾರು?

ಒಂದು ದಿನ ಟ್ಯಾಂಕರ್ ಈಗ ಬಂತು ಆಗ ಬಂತು ಎಂದು ನಾಲ್ಕು ತಾಸು ನಿಂತೆ. ಮನೆಗೆ ಬಂದಾಗ ಅವ್ವ ಬೆಳಿಗ್ಗೆ ನಾನು ಮಲಗಿಸಿ ಹೋದ ಮಗ್ಗಲಿನಲ್ಲೇ ಇದ್ದಳು, ಚಾದರ ಒದ್ದೆಯಾಗಿತ್ತು, ಸೊಂಟದ ಮೂಳೆಯ ಹತ್ತಿರ ಚರ್ಮ ಕೆಂಪಾಗಿ ಸುಲಿದಿತ್ತು. ಅವಳು ಬೈದಿದ್ದರೆ ನಡೆಯುತ್ತಿತ್ತು. “ನೀರು ಸಿಕ್ಕಿತೇನೋ?” ಎಂದಷ್ಟೇ ಕೇಳಿದಳು. ನಾನು ಹೊರಗೆ ಹೋಗಿ, ತುಂಬಿದ ಕೊಡದ ಮುಂದೆ ಕೂತು ಅತ್ತೆ. ಎರಡು ವರ್ಷದಲ್ಲಿ ಅತ್ತದ್ದು ಅದೊಂದೇ ಸಲ.

ಹಿಂದಿನ ಓಣಿಯ ಅಕ್ಕನಿಗೂ ಅದೇ ವಾರ ಹಾಗೇ ಆಗಿತ್ತು. ಅವಳು ಪಾಳಿಯಲ್ಲಿದ್ದಾಗ ಗಂಡ ಬಾಯಾರಿ ತಂಬಿಗೆಗೆ ಕೈಚಾಚಲು ಹೋಗಿ ಮಲಗಿದ್ದ ಹಗ್ಗದ ಹೊರಸಿನಿಂದ ಕೆಳಗೆ ಬಿದ್ದಿದ್ದ. ನಾವಿಬ್ಬರೂ ಕೂಡಿ ಸರಪಂಚರ ಮನೆಗೆ ಹೋದೆವು. ಅವರು ಚಹಾ ಕೊಟ್ಟರು, ಕೇಳಿಸಿಕೊಂಡರು. “ತ್ರಾಸ ಎಲ್ಲಾರ ಮನ್ಯಾಗೂ ಅದ. ನಿಮಗ ಒಂದು ಬ್ಯಾರೆ ಪಾಳಿ ಮಾಡಿದ್ರ ನಾಳೆ ಎಲ್ಲಾರೂ ಬ್ಯಾರೆ ಪಾಳಿ ಕೇಳ್ತಾರ,” ಅಂದರು. ಒಳ್ಳೆಯ ಮನುಷ್ಯರೇ, ಹೆದರಿದ್ದರು ಅಷ್ಟೆ.

ಹಾಗಾದರೆ ಮೇಲಕ್ಕೇ ಹೋಗೋಣ ಎಂದು ಒಂದು ಅರ್ಜಿ ಬರೆಸಿಕೊಂಡು, ಅವ್ವನ ಹತ್ತಿರ ಹೆಂಡತಿಯನ್ನು ಕೂಡಿಸಿ, ನಾನೊಬ್ಬನೇ ನಿಲಂಗಾದ ಕಚೇರಿಗೆ ಹೋದೆ. ಕಿಟಕಿಯ ಹಿಂದಿದ್ದ ಸಾಹೇಬರು ಮರಾಠಿಯಲ್ಲಿ, ಕಾಯಿಲೆ ಯಾರಿಗೆ ಎಂದು ಕೇಳಿದರು. ಅವ್ವನಿಗೆ ಅಂದೆ. ಹಾಗಾದರೆ ಅರ್ಜಿದಾರರು ಅವರು, ಅವರದೇ ಹೆಬ್ಬೆಟ್ಟು ಬೇಕು ಅಂದರು. ಅವ್ವನಿಗೆ ನೀರಿನ ಪಾಳಿ ಬೇಕಾಗಿಲ್ಲ ಸಾಹೇಬರೇ, ಪಾಳಿ ಬೇಕಾದದ್ದು ನನಗೆ ಅಂದೆ. ನಿಮಗೇನು ಕಾಯಿಲೆ ಎಂದು ಕೇಳಿದರು. ನನಗೇನೂ ಇಲ್ಲ ಅಂದೆ. ಅವರು ಪೆನ್ನು ಕೆಳಗಿಟ್ಟು, ನಿಜವಾಗಿಯೂ ಗೊಂದಲಗೊಂಡು ನನ್ನನ್ನು ನೋಡಿದರು. ಹಾಳೆಯಲ್ಲಿ ಕಾಯಿಲೆಯವರಿಗೆ ಜಾಗ ಇತ್ತು, ಕಾಯಿಲೆ ಇಲ್ಲದವರಿಗೆ ಜಾಗ ಬೇಕಿರಲಿಲ್ಲ. ನನ್ನಂಥವನು ಎಲ್ಲಿ ಕೂಡಬೇಕು ಎಂಬುದಕ್ಕೆ ಅಲ್ಲಿ ಗೆರೆಯೇ ಇರಲಿಲ್ಲ. ಕಡೆಗೆ, ನಿಮ್ಮ ಗ್ರಾಮಸಭೆಯಲ್ಲಿ ಠರಾವು ಮಾಡಿಸಿಕೊಂಡು ಬನ್ನಿ, ಊರು ಒಪ್ಪಿದರೆ ಇಲ್ಲಿ ಯಾರೂ ತಡೆಯುವುದಿಲ್ಲ ಎಂದು ದಾರಿ ಹೇಳಿದರು.

ಸಂಜೆ ಬಂದು ಇದನ್ನೆಲ್ಲ ಅವ್ವನಿಗೆ ಹೇಳಿದೆ. ಅವಳು ಸೂರು ನೋಡುತ್ತಾ ಕೇಳಿಸಿಕೊಂಡಳು.

“ಪಾಳ್ಯಾಗ ಮನಷಾ ಇರಬೇಕು ಅಂತ ಅಂದಾರಲ್ಲ?”

“ಹೌದವ್ವಾ.”

“ನಾ ಮನಷಾ ಅಲ್ಲೇನು? ನನ್ನ ಹೊರಸು ಒಯ್ದು ಪಾಳ್ಯಾಗ ಇಡ್ರಿ. ನಾ ಇರ್ತೀನಿ.”

ನಾನು ತಮಾಷೆ ಅಂದುಕೊಂಡೆ. ಹೆಂಡತಿ ಅಂದುಕೊಳ್ಳಲಿಲ್ಲ. ಮರುದಿನ ಅಂಗನವಾಡಿಗೆ ರಜೆ ಹಾಕಿ, ಅವ್ವನಿಗೆ ಇಳಕಲ್ ಸೀರೆ ಉಡಿಸಿ, ನನ್ನ ಕೈಯಿಂದ ಹೆರಳು ಹಾಕಿಸಿ, ಅಕ್ಕನ ಮನೆಗೆ ಸುದ್ದಿ ಕಳಿಸಿದಳು. ಎಂಟು ಗಂಟೆಗೆ ಓಣಿಯ ನಾಲ್ಕು ಜನ ಹೊರಸಿನ ನಾಲ್ಕು ಕಾಲು ಹಿಡಿದರು. ಎದುರು ಬಂದವರೆಲ್ಲ ಗಾಬರಿಯಿಂದ ಟೊಪ್ಪಿಗೆ ತೆಗೆದರು. ಅವ್ವ ಹೊರಸಿನ ಮೇಲಿಂದ, “ಇನ್ನೂ ಸತ್ತಿಲ್ಲೋ ತಮ್ಮಾ, ನೀರಿಗಿ ಹೊಂಟೀನಿ!” ಎಂದು ಕೂಗಿದಳು. ಹೊರಸು ಹೊತ್ತವರಿಗೆ ನಗು ತಡೆಯಲಾಗದೆ ಎರಡು ಸಲ ಇಳಿಸಬೇಕಾಯಿತು.

ಪಾಳಿಯಲ್ಲಿ ನಮ್ಮ ಕೊಡದ ಪಕ್ಕ ಹೊರಸು ಇಟ್ಟೆವು. ಹಿಂದೆಯೇ ಅಕ್ಕನ ಗಂಡನ ಹೊರಸೂ ಬಂತು. ಅವನು ತಲೆಗೆ ಹಳದಿ ರುಮಾಲು ಸುತ್ತಿಕೊಂಡು, ಮದುವೆಗೆ ಹೊರಟವನಂತೆ ನಾಚಿಕೊಂಡು ಮಲಗಿದ್ದ. ಅವ್ವ ಪೇಟೆ ನೋಡಿ ಎರಡು ವರ್ಷದ ಮೇಲಾಗಿತ್ತು. ಯಾವ ಅಂಗಡಿಯ ಬಾಗಿಲ ಬಣ್ಣ ಬದಲಾಗಿದೆ, ಯಾರ ಸೊಸೆ ದಪ್ಪಗಾಗಿದ್ದಾಳೆ, ಎಲ್ಲವನ್ನೂ ವಿಚಾರಿಸಿದಳು. ಚಹಾದವನು ತಾನೇ ತಟ್ಟೆಯಲ್ಲಿ ಚಹಾ ಆರಿಸಿ ತಂದುಕೊಟ್ಟ. ಎರಡು ತಾಸಿಗೆ ಸರಿಯಾಗಿ ನಾನು ಎಲ್ಲರ ಮುಂದೆಯೇ ಅವಳ ಮಗ್ಗಲು ಬದಲಿಸಿದೆ. ಪಾಳಿಯಲ್ಲಿ ನಗುತ್ತಿದ್ದವರಲ್ಲೇ ಒಬ್ಬ ಮುಂದೆ ಬಂದು ದಿಂಬು ಹಿಡಿದ.

ಎಲ್ಲರೂ ಮೆಚ್ಚಲಿಲ್ಲ. ಮುಂದೆ ನಿಂತಿದ್ದ ಒಬ್ಬ ಹುಡುಗಿ, “ನಮ್ಮ ಮನ್ಯಾಗ ಎಳೀ ಕೂಸು ಅದ. ನಾನೂ ಅದನ್ನ ಮಲಗಿಸಿ ಬಂದೀನಿ. ನಾನೇನು ನಾಟಕಾ ಮಾಡ್ಲಿಕತ್ತೀನೇನು?” ಅಂದಳು.

“ಹೋಗಿ ಆ ಕೂಸೂ ತಗೊಂಡು ಬಾ,” ಅಂದಳು ಅವ್ವ. “ನನ್ನ ಬಾಜೂಕ ಮಲಗಿಸು. ಕೇಳೂದಾದ್ರ ನಿನ್ನ ಸಲುವಾಗೂ ಕೇಳ್ತೀವಿ.”

ಹುಡುಗಿ ಮುಖ ಉಬ್ಬಿಸಿಕೊಂಡೇ ಹೋಗಿ, ನಿಜವಾಗಿಯೂ ಕೂಸು ತಂದಳು. ಅದು ಅವ್ವನ ಎಡಗೈಯ ಮೇಲೆ ನಿದ್ದೆ ಹೋಯಿತು.

ಆದರೆ ಆ ಬೆಳಿಗ್ಗೆ ನನಗೆ ಮರೆಯದೆ ಉಳಿದದ್ದು ಬೇರೆ. ನಮ್ಮೂರಿನ ನಿವೃತ್ತ ಪೋಸ್ಟಿನ ಕಾಕಾ ಪಾಳಿಯ ಕೊನೆಯಲ್ಲಿ ದಿನವೂ ಒಬ್ಬರೇ ನಿಲ್ಲುತ್ತಿದ್ದರು, ಯಾರೊಡನೆಯೂ ಮಾತಾಡುತ್ತಿರಲಿಲ್ಲ. ಅವರು ಹೊರಸುಗಳನ್ನು ಬಹಳ ಹೊತ್ತು ನೋಡಿದರು. ಕೊಡ ಬಿಟ್ಟು ಮನೆಗೆ ಹೋದರು. ಬರುವಾಗ ಹೆಂಡತಿಯ ಕೈ ಹಿಡಿದುಕೊಂಡು ಬಂದರು. ಕಾಕು ನಗುತ್ತಾ, ಎಲ್ಲರಿಗೂ ನಮಸ್ಕಾರ ಮಾಡುತ್ತಾ ಬಂದಳು; ಯಾರ ಗುರುತೂ ಅವಳಿಗೆ ಇರಲಿಲ್ಲ. ಕಾಕಾ ನನ್ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ, “ಆಕೀಗಿ ನೆನಪು ಹೋಗ್ಯಾದ. ಹೊರಗ ಹೋದ್ರ ಮನಿ ಸಿಗಂಗಿಲ್ಲ. ನೀರಿಗಿ ಬರೂವಾಗ ಹೊರಗಿಂದ ಕೀಲಿ ಹಾಕಿ ಬರ್ತಿದ್ದೆ. ಒಂದು ವರ್ಷ ಆಯ್ತು, ಯಾರ ಮುಂದೂ ಹೇಳಿಲ್ಲ,” ಅಂದರು. ಕೀಲಿ ಅವರ ಕೈಯಲ್ಲೇ ಇತ್ತು. ಹಿಂದಿನ ಓಣಿಯ ಅಕ್ಕ ಸರಿದು, ತನ್ನ ಗಂಡನ ಹೊರಸಿನ ತುದಿಯಲ್ಲಿ ಕಾಕುಗೆ ಜಾಗ ಮಾಡಿಕೊಟ್ಟಳು.

ಅಷ್ಟರಲ್ಲಿ ಸರಪಂಚರು ಬಂದರು. ಅವ್ವ ಅವರನ್ನು ತೊಟ್ಟಿಲಿನಲ್ಲಿ ಕಂಡವಳು.

“ಇದೇನು ನಡಸೀರಿ ಆಯೀ?” ಎಂದು ಕೇಳಿದರು.

“ನಿಮ್ಮ ಕಾಯದಾ ಪಾಲಸ್ಲಿಕತ್ತೀವಿ. ಕೊಡದ ಬಾಜೂಕ ಮನಷಾರು ಅದಾರೋ ಇಲ್ಲೋ ಎಣಸಿ ನೋಡು.”

ಅವರು ಎಣಿಸಲಿಲ್ಲ. ಹೊರಸಿನ ಮೇಲೆ ಕೂತು, ತಾವೂ ಒಂದು ಚಹಾ ಕುಡಿದು, ಆ ವಾರವೇ ಗ್ರಾಮಸಭೆ ಕರೆಯುವುದಾಗಿ ಹೇಳಿದರು.

ಸಭೆಗೆ ಮೊದಲು ನನ್ನ ಹೆಂಡತಿ ಒಂದು ಪಟ್ಟಿ ಮಾಡಿದಳು. ಅಂಗನವಾಡಿಯ ಕೆಲಸಕ್ಕೆ ಮನೆಮನೆಗೆ ಹೋಗುವವಳಾದ್ದರಿಂದ ಯಾರ ಮನೆಯ ಒಳಕೋಣೆಯಲ್ಲಿ ಯಾರು ಮಲಗಿದ್ದಾರೆ ಎಂಬುದು ಅವಳಿಗೆ ಗೊತ್ತಿತ್ತು. ನಾವೇ ಮೂರು ಮನೆ ಎಂದು ನಾನು ತಿಳಿದಿದ್ದೆ. ಪಟ್ಟಿ ಹಾಳೆಯ ಹಿಂಬದಿಗೂ ಹೋಯಿತು. ಪ್ರತಿಯೊಬ್ಬರೂ ತಾವೊಬ್ಬರೇ ಎಂದುಕೊಂಡು ಕೂತಿದ್ದರು.

ಸಭೆಯಲ್ಲಿ ಯಾರೂ ವಿರೋಧಿಸಲಿಲ್ಲ. ತಕರಾರು ಬಂದದ್ದು ಶಬ್ದದ ಮೇಲೆ. ಠರಾವಿನಲ್ಲಿ ನಮ್ಮನ್ನು ಏನೆಂದು ಕರೆಯುವುದು? ಗ್ರಾಮಸೇವಕರು, “ಸೇವಾ ಮಾಡೋರು ಅಂತ ಬರೀಲೇನ್ರಿ?” ಎಂದರು.

“ಬ್ಯಾಡ,” ಅಂದಳು ಅವ್ವ. ಅವಳನ್ನು ಸಭೆಗೂ ಹೊತ್ತು ತಂದಿದ್ದೆವು, ಈಗ ಮನೆಯಲ್ಲಿ ನಿಲ್ಲಲು ಅವಳು ಒಪ್ಪುತ್ತಿರಲಿಲ್ಲ. “ಸೇವಾ ದೇವರಿಗಿ ಮಾಡ್ತಾರ. ನಾ ದೇವರಲ್ಲ. ದೇವರು ದಿನಾ ಹಿಂಗ ಬೈತಾನೇನು?”

“ಮನಿಯವರು?”

“ಮನಿಯವರು ಅಂದ್ರ ಎಲ್ಲಾರೂ ಬಂದ್ರು,” ಅಂದಳು ನನ್ನ ಹೆಂಡತಿ. “ಆದ್ರ ಎದ್ದು ಮಾಡಾವರು ಒಬ್ಬರೇ ಇರ್ತಾರ.”

ಕಡೆಗೆ ಹಿಂದಿನ ಓಣಿಯ ಅಕ್ಕ, ಸಭೆಯಲ್ಲಿ ಎಂದೂ ಬಾಯಿ ಬಿಡದವಳು, ಕಂಬದ ಮರೆಯಿಂದಲೇ ಹೇಳಿದಳು: “ಬಿಟ್ಟು ಹೋಗಲಾರದವರು ಅಂತ ಬರೀರಿ. ಬಿಟ್ಟು ಹೋಗಾಕ ಬರೂದಿಲ್ಲಲ್ಲ, ಅದಕ್ಕ ಅಲ್ಲೇನ್ರಿ ನಾವು ಕೇಳ್ಲಿಕತ್ತದ್ದು?”

ಗ್ರಾಮಸೇವಕರು ಅದನ್ನು ಮರಾಠಿಗೆ ತಿರುಗಿಸಿ ಬರೆದರು. ಕೊನೆಯಲ್ಲಿ, ಇವರ ಮೇಲೆ ಊರು ದಯೆ ತೋರಿ ಮೊದಲ ಪಾಳಿ ಕೊಟ್ಟಿದೆ ಎಂದು ಸೇರಿಸಿ ಓದಿದರು. ಹೆಂಡತಿ ಮತ್ತೆ ಎದ್ದಳು. “ದಯಾ ತೆಗೀರಿ. ದಯಾ ನಾಳೆ ಮನಸ್ಸು ಬದಲಾದ್ರ ಹೋಗ್ತದ. ಇದು ಅವರ ಹಕ್ಕು ಅಂತ ಬರೀರಿ, ಯಾರು ಸರಪಂಚ ಆದ್ರೂ ಇರ್ತದ.” ಸರಪಂಚರು ನಕ್ಕು, “ಬರೀರಿ, ಬರೀರಿ. ಇಲ್ಲಾಂದ್ರ ನಾಳೆ ಹೊರಸು ನಮ್ಮ ಅಂಗಳದಾಗ ಬರ್ತಾವ,” ಅಂದರು.

ಮರುವಾರದಿಂದ ಟ್ಯಾಂಕರ್ ಬಂದ ಮೇಲೆ ಹೋದರೂ ಮೊದಲು ನಮ್ಮ ಪಾಳಿ. ಎಳೆಕೂಸಿನ ತಾಯಂದಿರೂ ಅದರಲ್ಲೇ. ಹೋಗಿ, ತುಂಬಿ, ಎರಡು ತಾಸಿನೊಳಗೆ ಮನೆಗೆ. ಅವ್ವನ ಹುಣ್ಣು ಒಣಗಿತು. ಪೇಟೆಯಲ್ಲಿ ಆ ಹೆಸರು ಬೇರೆಯೇ ದಾರಿ ಹಿಡಿಯಿತು: ಚಹಾದಂಗಡಿಯ ಬೆಂಚು ಬಿಟ್ಟೇಳದವರನ್ನೂ ಜನ ‘ಬಿಟ್ಟು ಹೋಗಲಾರದವರು’ ಎಂದು ಕರೆಯತೊಡಗಿದರು.

ನೀರಿನ ನೆಪದಲ್ಲಿ ಪರಿಚಯವಾದ ನಾವು ಅಲ್ಲಿಗೇ ನಿಲ್ಲಲಿಲ್ಲ. ಸಂತೆಯ ದಿನ ಮಧ್ಯಾಹ್ನ ಹೊರಸುಗಳನ್ನೆಲ್ಲ ನಮ್ಮ ಪಡಸಾಲೆಯಲ್ಲಿ ಒಟ್ಟಿಗೆ ಹಾಕುವುದು, ಇಬ್ಬರು ಕೂತು ಎಲ್ಲರನ್ನೂ ನೋಡಿಕೊಳ್ಳುವುದು, ಉಳಿದವರು ಹೊರಗೆ ಹೋಗುವುದು ಎಂದು ಮಾಡಿಕೊಂಡೆವು. ನನ್ನ ಮೊದಲ ರಜೆಯ ದಿನ ಏನು ಮಾಡಬೇಕೆಂದೇ ತಿಳಿಯಲಿಲ್ಲ. ಸುಮ್ಮನೆ ಬಸ್ಸು ಹತ್ತಿ ಉಮರ್ಗಾಕ್ಕೆ ಹೋದೆ, ದಾಡಿ ಮಾಡಿಸಿಕೊಂಡೆ, ಮಿರ್ಚಿ ಭಜಿ ತಿಂದೆ, ಅದೇ ಬಸ್ಸಿನಲ್ಲಿ ವಾಪಸು ಬಂದೆ. ಕಿಟಕಿಯ ಪಕ್ಕ ಕೂತು ಯಾರ ಮಗ್ಗಲನ್ನೂ ಬದಲಿಸದೆ ಇದ್ದದ್ದೇ ದೊಡ್ಡ ಯಾತ್ರೆಯಾಗಿತ್ತು. ಅಕ್ಕ ತನ್ನ ಪಾಳಿ ಬಂದಾಗ ಎಲ್ಲಿಯೂ ಹೋಗಲಿಲ್ಲ, ಬೀರಪ್ಪನ ಗುಡಿಯ ತಂಪು ಹಾಸುಗಲ್ಲಿನ ಮೇಲೆ ಮಲಗಿ ಸಂಜೆಯ ತನಕ ನಿದ್ದೆ ಮಾಡಿದಳು. ಪೋಸ್ಟಿನ ಕಾಕಾ ಪೋಸ್ಟ್ ಆಫೀಸಿಗೆ ಹೋಗಿ, ಹೊಸಬರು ಪತ್ರ ವಿಂಗಡಿಸುವುದರಲ್ಲಿ ತಪ್ಪು ಹುಡುಕುತ್ತಾ ಕೂತಿದ್ದರು.

ಪಡಸಾಲೆಯಲ್ಲಿ ಕಾಕು ಪ್ರತಿ ವಾರವೂ ಅವ್ವನನ್ನು ಹೊಸದಾಗಿ ಭೇಟಿಯಾಗುತ್ತಿದ್ದಳು. “ನೀವು ಯಾವ ಊರವರ್ರಿ?” ಎಂದು ಕೇಳುತ್ತಿದ್ದಳು. ಅವ್ವ ಒಂದು ವಾರ ವಲಾಂಡಿ, ಒಂದು ವಾರ ತುರೋರಿ ಅನ್ನುತ್ತಿದ್ದಳು. ಆಯಾ ಊರಿಗೆ ತಕ್ಕಂತೆ ಮಕ್ಕಳು ಮೊಮ್ಮಕ್ಕಳನ್ನೂ ಹುಟ್ಟಿಸುತ್ತಿದ್ದಳು. ವಲಾಂಡಿಯಲ್ಲಿ ನನಗೆ ಆರು ಜನ ಅಣ್ಣಂದಿರು ಇದ್ದಾರೆ ಎಂದು ನನಗೆ ತಿಳಿದದ್ದು ಹಾಗೆ. ಅಕ್ಕನ ಗಂಡ ಮಲಗಿದಲ್ಲೇ ನಕ್ಕು ನಕ್ಕು, ದಿಂಬಿಗೆ ಒರಗಿ ಕೂಡುವುದನ್ನು ಕಲಿತುಬಿಟ್ಟ. ಕೈಗೆ ಉಣ್ಣೆ ಕೊಟ್ಟರೆ ಹಗ್ಗ ಹೊಸೆಯುತ್ತಿದ್ದ.

ಎರಡು ತಿಂಗಳು ಇದನ್ನು ನೋಡಿದ ಹೆಂಡತಿ ಒಂದು ದಿನ, “ನನಗೂ ಒಂದು ಮಧ್ಯಾಹ್ನ ಬೇಕು,” ಅಂದಳು. ಜಳಕ, ಅಡಿಗೆ, ಅಂಗನವಾಡಿ ಎಲ್ಲ ಮಾಡುವವಳ ಹೆಸರು ಪಟ್ಟಿಯಲ್ಲಿ ಇರಲೇ ಇಲ್ಲ. ಪಟ್ಟಿ ಬರೆದವಳೇ ಅವಳು. ನಾನು ತಲೆ ತಗ್ಗಿಸಿ ಸೇರಿಸಿದೆ.

ನಾಲ್ಕನೇ ವರ್ಷ ಮೃಗಶಿರಾದಲ್ಲೇ ಮಳೆ ಹಿಡಿಯಿತು. ಟ್ಯಾಂಕರ್ ನಿಂತಿತು, ಸಂತೆಯ ದಿನದ ಮಧ್ಯಾಹ್ನಗಳು ನಿಲ್ಲಲಿಲ್ಲ. ಆಮೇಲೆ ಮೂರು ವರ್ಷ ಅವ್ವ ಇದ್ದಳು. ಹೋದದ್ದು ಬೆಳಿಗ್ಗೆ ಹತ್ತರ ಹೊತ್ತಿಗೆ, ಎಡಮಗ್ಗಲಿನಲ್ಲಿ, ಗಂಜಿಗೆ ಉಪ್ಪು ಕಡಿಮೆ ಎಂದು ಹೇಳಿದ ಸ್ವಲ್ಪ ಹೊತ್ತಿಗೆ. ಮೈಮೇಲೆ ಒಂದೂ ಹುಣ್ಣಿರಲಿಲ್ಲ. ಮಣ್ಣಿಗೆ ಬಂದ ಜನರಲ್ಲಿ ಅರ್ಧ ಮಂದಿ ಪಾಳಿಯ ಸುದ್ದಿ ಹೇಳಿಕೊಂಡು ನಗುತ್ತಿದ್ದರು, ನನಗೆ ಅದು ಕೆಟ್ಟದ್ದೆನಿಸಲಿಲ್ಲ.

ತಿಂಗಳಾದ ಮೇಲೆ ದೊಡ್ಡಪ್ಪನ ಮಗ ಅಂಗಡಿಗೆ ಕರೆದ. ಬರುತ್ತೇನೆ, ಆದರೆ ಸಂತೆಯ ದಿನ ಎರಡು ಗಂಟೆಯ ಮೇಲೆ ಇರುವುದಿಲ್ಲ ಅಂದೆ.

“ಸಂತಿ ದಿನಾನ? ಗಿರಾಕಿ ಬರೂದೇ ಆವಾಗ. ಚಿಗವ್ವ ಈಗ ಇಲ್ಲಲ್ಲ, ಇನ್ನೇನು ಅದ ನಿನಗ ಅಲ್ಲಿ?”

“ಅವ್ವ ಇಲ್ಲ. ಉಳದೋರು ಅದಾರಲ್ಲ.”

ಅವನು ಗಜವನ್ನು ನನ್ನ ಕೈಗೆ ಕೊಟ್ಟ. ಆಮೇಲೆ, “ಎರಡೂವರಿ ಮಾಡು,” ಅಂದ.

ಎರಡೂಕಾಲಿಗೆ ಇಬ್ಬರೂ ಒಪ್ಪಿದೆವು.